5 ಕೆವಿಎ ಪೆಟ್ರೋಲ್ ಜನರೇಟರ್: ಯಾವ ಮನೆಗೆ ಸಾಕು, ಯಾವ ಮನೆಗೆ ಸಾಲದು

ಸಿಂಗಲ್ ಫೇಸ್, ಸೆಲ್ಫ್ ಸ್ಟಾರ್ಟ್, ಎವಿಆರ್ (ವೋಲ್ಟೇಜ್ ಸ್ಥಿರವಾಗಿಡುವ ಸಾಧನ) ಇರುವ ಪೋರ್ಟಬಲ್ ಸೆಟ್ ಇದು. ಹಲವು ವರ್ಷ ಬಳಸಿದ ಮೇಲಿನ ತೀರ್ಪು: 1 ಎಚ್‌ಪಿ ಸಬ್‌ಮರ್ಸಿಬಲ್ (ನೀರಿನೊಳಗೆ ಮುಳುಗಿರುವ) ಪಂಪ್, ಫ್ರಿಜ್, ಲೈಟು, ಫ್ಯಾನು ಇರುವ ಮನೆಗೆ ಸರಿಯಾದ ಅಳತೆ. ಪಂಪ್ 1.5 ಎಚ್‌ಪಿ ಆದರೆ ಸಾಲದು. ಪಂಪೇ ಇಲ್ಲದ ಮನೆಗೆ ಇದು ದಂಡ, ಲೋಡಿಗೆ ತಕ್ಕಂತೆ ಎಂಜಿನ್ ವೇಗ ಬದಲಿಸುವ 2 ಕೆವಿಎ ಇನ್ವರ್ಟರ್ ಜನರೇಟರ್ ಧಾರಾಳ.

ಎಲ್ಲವನ್ನೂ ಪಂಪಿನ ಮೇಲೆ ಅಳೆಯಲು ಕಾರಣವಿದೆ. ಸಾಮಾನ್ಯವಾಗಿ ವಾಟ್ ಕೂಡಿಸಿ ಸೆಟ್ ಆರಿಸುತ್ತಾರೆ. ಲೈಟು-ಫ್ಯಾನಿಗೆ 400, ಫ್ರಿಜ್‌ಗೆ 150, ಟಿವಿ-ವೈಫೈಗೆ 150, ಪಂಪ್‌ಗೆ 1,100. ಒಟ್ಟು 1,800 ವಾಟ್, ಹಾಗಾದರೆ 2.5 ಕೆವಿಎ ಸಾಕಲ್ಲ ಅನ್ನಿಸುತ್ತದೆ. ಎಲ್ಲವೂ ಓಡುತ್ತಿರುವಾಗ ಈ ಲೆಕ್ಕ ಸರಿಯೇ. ಆದರೆ ನಿಂತ ಮೋಟರ್ ತಿರುಗಲು ಶುರುವಾಗುವ ಕ್ಷಣದಲ್ಲಿ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಸೆಟ್ ಚಿಕ್ಕದಾದರೆ ವೋಲ್ಟೇಜ್ ಕುಸಿಯುತ್ತದೆ, ಪಂಪ್ ತಿರುಗದೆ ಬರೀ ಗುಂಯ್ ಅನ್ನುತ್ತದೆ. ಅದೃಷ್ಟವಿದ್ದರೆ ಸ್ಟಾರ್ಟರ್‌ನ ಓವರ್‌ಲೋಡ್ ಟ್ರಿಪ್ ಆಗುತ್ತದೆ, ಇಲ್ಲದಿದ್ದರೆ ವೈಂಡಿಂಗ್ ಸುಡುತ್ತದೆ. ಹೀಗಾಗಿ 1 ಎಚ್‌ಪಿ ಸಬ್‌ಮರ್ಸಿಬಲ್‌ಗೆ 4 ಕಿಲೋವಾಟ್, ಅಂದರೆ 0.8 ಪವರ್ ಫ್ಯಾಕ್ಟರ್‌ನಲ್ಲಿ (ಕೆವಿಎಯಲ್ಲಿ ಕಿಲೋವಾಟ್ ಆಗಿ ಸಿಗುವ ಪಾಲು) 5 ಕೆವಿಎ ಇಟ್ಟುಕೊಳ್ಳಬೇಕು. 1.5 ಎಚ್‌ಪಿಗೆ 6 ಕೆವಿಎ ದಾಟುತ್ತದೆ, 2 ಎಚ್‌ಪಿಗೆ ಹತ್ತರ ಹತ್ತಿರ ಹೋಗುತ್ತದೆ.

ಈ ಸೆಟ್‌ನಲ್ಲಿ ಪಂಪ್ ಹಾಕಿದಾಗ ಬಲ್ಬು ಒಮ್ಮೆ ಮಂಕಾಗುತ್ತದೆ, ಎಂಜಿನ್ ಸದ್ದು ಕುಗ್ಗಿ, ವೇಗ ಕಾಯುವ ಗವರ್ನರ್ ಥ್ರಾಟಲ್ ತೆರೆದ ಮೇಲೆ ಮತ್ತೆ ಏರುತ್ತದೆ. ಒಂದೆರಡು ಸೆಕೆಂಡಿನಲ್ಲಿ ಚೇತರಿಸಿಕೊಂಡರೆ ಅಳತೆ ಸರಿ ಇದೆ ಎಂದರ್ಥ. ಚೇತರಿಕೆ ಖಚಿತವಾಗಬೇಕಾದರೆ ಪಂಪನ್ನು ಖಾಲಿ ಸೆಟ್ ಮೇಲೆ ಮೊದಲು ಹಾಕಿ, ಆಮೇಲೆ ಫ್ರಿಜ್, ಉಳಿದದ್ದು ಕೊನೆಗೆ. ಕರೆಂಟ್ ಹೋದ ತಕ್ಷಣ ಫ್ರಿಜ್ ಹಾಕಬಾರದು. ಕಂಪ್ರೆಸರ್‌ನೊಳಗಿನ ಒತ್ತಡ ಸಮನಾಗಲು ನಾಲ್ಕೈದು ನಿಮಿಷ ಬೇಕು, ಅದಕ್ಕೂ ಮುಂಚೆ ಹಾಕಿದರೆ ಕಂಪ್ರೆಸರ್ ಜಾಮ್ ಆಗಿ ಕರೆಂಟ್ ಎಳೆಯುತ್ತಲೇ ಇರುತ್ತದೆ.

ಇನ್ವರ್ಟರ್ ಎಸಿ ನಿಧಾನವಾಗಿ ವೇಗ ಏರಿಸಿಕೊಳ್ಳುವುದರಿಂದ ತಕರಾರಿಲ್ಲ. ಹಳೆಯ ಕಾಲದ 1.5 ಟನ್ ಎಸಿಯನ್ನೂ ಪಂಪನ್ನೂ ಒಟ್ಟಿಗೆ ಇದರ ಮೇಲೆ ಹಾಕುವ ಯೋಚನೆ ಬಿಡಿ. ಗೀಸರ್‌ಗೆ ಸ್ಟಾರ್ಟಿಂಗ್ ಎಳೆತ ಇಲ್ಲ, ಆದರೆ ಅದೊಂದೇ 2 ಕಿಲೋವಾಟ್ ನುಂಗುತ್ತದೆ. ಎಲ್ಲರೂ ಮರೆಯುವ ಲೋಡ್ ಒಂದಿದೆ: ಮನೆಯ ಇನ್ವರ್ಟರ್ ಬ್ಯಾಟರಿ. ದೀರ್ಘ ಪವರ್ ಕಟ್ ಆದ ಮೇಲೆ ಖಾಲಿಯಾದ 150 ಎಎಚ್ ಬ್ಯಾಟರಿ ಚಾರ್ಜ್ ಆಗಲು 200ಕ್ಕಿಂತ ಹೆಚ್ಚು ವಾಟ್ ತಾನಾಗೇ ಸೇರಿಕೊಳ್ಳುತ್ತದೆ. ಕೆಲವು ಇನ್ವರ್ಟರ್‌ಗಳು ಜನರೇಟರ್ ಕರೆಂಟನ್ನು ಒಪ್ಪುವುದೇ ಇಲ್ಲ. ವೋಲ್ಟೇಜ್ ಏರುಪೇರು ಸಹಿಸದ ಯುಪಿಎಸ್ ಮೋಡ್‌ನಿಂದ ನಾರ್ಮಲ್ ಮೋಡ್‌ಗೆ ಬದಲಿಸಿದರೆ ಹೆಚ್ಚಿನವು ಒಪ್ಪುತ್ತವೆ.

ಸೆಟ್ ಮೇಲಿನ ವಿವರದ ಪ್ಲೇಟ್ ಓದುವಾಗ ಎಚ್ಚರ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರುವುದು ಹೆಚ್ಚಾಗಿ ಮ್ಯಾಕ್ಸಿಮಮ್ (ಸ್ವಲ್ಪ ಹೊತ್ತು ಮಾತ್ರ ಕೊಡುವ ಗರಿಷ್ಠ), ಲೆಕ್ಕಕ್ಕೆ ಬೇಕಾದದ್ದು ರೇಟೆಡ್ (ಸತತವಾಗಿ ಕೊಡಬಲ್ಲದ್ದು). ಗಾಳಿ ತೆಳುವಾಗಿರುವ ಎತ್ತರದ ಊರಾದರೆ ಪ್ರತಿ 300 ಮೀಟರ್‌ಗೆ ಸುಮಾರು 3 ಶೇಕಡಾ ಕಳೆಯಿರಿ. 900 ಮೀಟರ್‌ನಲ್ಲಿ ಈ 4 ಕಿಲೋವಾಟ್ 3.6ಕ್ಕೆ ಇಳಿದಿರುತ್ತದೆ, ಪಂಪಿನ ಮಟ್ಟಿಗೆ ಅದು ಅಂಚಿನ ಆಟ. ಪೆಟ್ರೋಲ್ ಬದಲು ಗ್ಯಾಸ್‌ನಲ್ಲಿ ಓಡಿಸುವ ಕಿಟ್ ಹಾಕಿದರೆ ಶಕ್ತಿ ಇನ್ನೂ ಒಂದಿಷ್ಟು ಇಳಿಯುತ್ತದೆ.

ಹಾಗಂತ 'ಇರಲಿ ದೊಡ್ಡದೇ' ಅಂತ 10 ಕೆವಿಎ ತರುವುದೂ ತಪ್ಪೇ. ಇಂಥ ಸೆಟ್‌ನ ಎಂಜಿನ್ ಯಾವಾಗಲೂ 3,000 ಆರ್‌ಪಿಎಂನಲ್ಲೇ ತಿರುಗಬೇಕು, ಇಲ್ಲದಿದ್ದರೆ 50 ಹರ್ಟ್ಸ್ ಬರುವುದಿಲ್ಲ. ಆದ್ದರಿಂದ 500 ವಾಟ್ ಲೋಡಿಗೂ, 2,000 ವಾಟ್‌ಗೆ ಕುಡಿಯುವುದರ ಅರ್ಧಕ್ಕಿಂತ ಹೆಚ್ಚೇ ಪೆಟ್ರೋಲ್ ಕುಡಿಯುತ್ತದೆ. ಈ ಸೆಟ್‌ನ ದೊಡ್ಡ ಕೊರತೆ ಇದೇ: ರಾತ್ರಿ ಎರಡು ಫ್ಯಾನಿಗೆ ಇದನ್ನು ಓಡಿಸುವುದು ಶುದ್ಧ ನಷ್ಟ. ಡೀಸೆಲ್ ಸೆಟ್ ಆದರೆ ಕಡಿಮೆ ಲೋಡ್‌ನಲ್ಲಿ ಸುಡದ ಇಂಧನ ಮಸಿಯಾಗಿ ಎಗ್ಜಾಸ್ಟ್‌ನಲ್ಲಿ ಕಟ್ಟುತ್ತದೆ. 30 ಶೇಕಡಾಕ್ಕಿಂತ ಕೆಳಗೆ ಗಂಟೆಗಟ್ಟಲೆ ಬಿಡಬಾರದು.

ವೈರಿಂಗ್‌ಗೆ ಆಫ್ ಸ್ಥಾನ ನಡುವೆ ಇರುವ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಚೇಂಜ್‌ಓವರ್ ಸ್ವಿಚ್ ಬೇಕೇ ಬೇಕು. ಎರಡೂ ಕಡೆ ಪಿನ್ ಇರುವ ವೈರನ್ನು ಸಾಕೆಟ್‌ಗೆ ಚುಚ್ಚಿ ಮನೆಗೆ ಕರೆಂಟ್ ಕೊಟ್ಟರೆ ಅದು ಹೊರಗಿನ ಲೈನಿಗೂ ಹರಿದು, ಕಂಬ ಹತ್ತಿದ ಲೈನ್‌ಮ್ಯಾನ್ ಸಾಯುತ್ತಾರೆ. ಪೂರ್ತಿ ಲೋಡ್‌ನಲ್ಲಿ 20 ಆಂಪಿಯರ್ ದಾಟುವುದರಿಂದ ಕೇಬಲ್ 4 ಚದರ ಮಿಲಿಮೀಟರ್ ತಾಮ್ರದ್ದೇ ಇರಲಿ. ತೆಳು ವೈರ್ ಹಾಕಿದರೆ ಪಂಪ್ ಏಳುವಾಗ ಬೇಕಾದ ವೋಲ್ಟೇಜ್ ದಾರಿಯಲ್ಲೇ ಕಳೆದುಹೋಗುತ್ತದೆ. ಸೆಟ್ ಮನೆಯಿಂದ ಕನಿಷ್ಠ 6 ಮೀಟರ್ ಆಚೆ, ಹೊಗೆಯ ಬಾಯಿ ಕಿಟಕಿಗೆ ಬೆನ್ನು ಮಾಡಿ ಇರಬೇಕು. ಗ್ಯಾರೇಜಿನ ಬಾಗಿಲು ತೆರೆದಿಟ್ಟರೂ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ.

ನಿರ್ವಹಣೆಯಲ್ಲಿ ತಲೆನೋವು ಕಡಿಮೆ. ಆಯಿಲ್ ಮೊದಲ 20 ಗಂಟೆಗೆ, ಆಮೇಲೆ ಪ್ರತಿ 100 ಗಂಟೆಗೆ ಬದಲಿಸಿದರೆ ಸಾಕು. ಸ್ಟಾರ್ಟ್ ಆಗದ ದೂರು ಬಹುಪಾಲು ಕಾರ್ಬ್ಯುರೇಟರ್‌ನಲ್ಲಿ ಅಂಟಾಗಿ ಕುಳಿತ ಹಳೆಯ ಪೆಟ್ರೋಲ್‌ನದು. ತಿಂಗಳುಗಟ್ಟಲೆ ಇಡುವಾಗ ಫ್ಯೂಯಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗೇ ನಿಲ್ಲುವವರೆಗೆ ಓಡಿಸಿ. ಸೆಲ್ಫ್ ಬ್ಯಾಟರಿಯನ್ನು ಆಗಾಗ ಚಾರ್ಜ್ ಮಾಡಿ; ಅದು ಸತ್ತರೂ ಹಗ್ಗ ಎಳೆದು ಸ್ಟಾರ್ಟ್ ಮಾಡಬಹುದು, ತೋಳಲ್ಲಿ ಬಲವಿದ್ದವರಿಗೆ.