ಎಂಜಿಬಿಗೆ ರೋಲರ್ ರಿಲೀಸ್ ಬೇರಿಂಗ್: ಮೂರು ವರ್ಷ, 9,000 ಕಿಲೋಮೀಟರ್ ಆದಮೇಲೆ

ನನ್ನ ಹತ್ತಿರ 1969ರ ಎಂಜಿಬಿ ರೋಡ್‌ಸ್ಟರ್ ಇದೆ, ಮೇಲ್ಛಾವಣಿ ತೆರೆಯುವ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಪುಣೆಯ ಕೋಥ್ರೂಡ್‌ನಲ್ಲಿ, ನಮ್ಮ ಸೊಸೈಟಿ ಪಾರ್ಕಿಂಗ್‌ನಲ್ಲಿ ಹಳೇ ಬೆಡ್‌ಶೀಟ್ ಹೊದ್ದುಕೊಂಡು ನಿಂತಿರುತ್ತದೆ. ಮೂರು ವರ್ಷದ ಹಿಂದೆ ಇದರ ಕ್ಲಚ್‌ನ ಕಾರ್ಬನ್ ಬೇರಿಂಗ್ ತೆಗೆಸಿ ರೋಲರ್ ಬೇರಿಂಗ್ ಹಾಕಿಸಿದೆ. ಹೇಗಿದೆ ಅಂತ ಕೇಳುವವರು ಜಾಸ್ತಿ ಆದರು. ಅದಕ್ಕೇ ಬರೆಯುತ್ತಿದ್ದೇನೆ. ಐದಕ್ಕೆ ಮೂರು ಸ್ಟಾರ್. ಒಂದು ಸ್ಟಾರ್ ಕಡಿಮೆ ಆಗಿದ್ದು ಬೇರಿಂಗ್‌ನಿಂದ, ಇನ್ನೊಂದು ನನ್ನ ದಡ್ಡತನದಿಂದ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಎಂಜಿಬಿ ಕ್ಲಚ್ ಹೈಡ್ರಾಲಿಕ್. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್‌ನಿಂದ ಎಣ್ಣೆಯ ಒತ್ತಡ ಕೆಳಗಿನ ಸ್ಲೇವ್ ಸಿಲಿಂಡರ್‌ಗೆ ಬಂದು ಫೋರ್ಕ್ ಅನ್ನುವ ಸನ್ನೆಯನ್ನು ತಳ್ಳುತ್ತದೆ. ಫೋರ್ಕ್ ರಿಲೀಸ್ ಬೇರಿಂಗನ್ನು ಎಂಜಿನ್ ಜೊತೆ ತಿರುಗುವ ಕ್ಲಚ್ ಕವರ್ ಮೇಲೆ ಒತ್ತುತ್ತದೆ, ಆಗ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ಸಂಪರ್ಕ ಬಿಡುತ್ತದೆ. ಕಂಪನಿಯಿಂದ ಬಂದದ್ದು ಹೆಸರಿಗೆ ಬೇರಿಂಗ್ ಅಷ್ಟೆ, ಅದರಲ್ಲಿ ತಿರುಗುವುದು ಏನೂ ಇಲ್ಲ. ಒಂದು ಲೋಹದ ಬಟ್ಟಲು, ಅದರಲ್ಲಿ ಕಪ್ಪು ಕಾರ್ಬನ್ ಉಂಗುರ. ಗರಗರ ತಿರುಗುವ ಸ್ಟೀಲ್ ಮೇಲೆ ಅದು ಸುಮ್ನೆ ಒತ್ತಿಕೊಂಡು ಉಜ್ಜುತ್ತದೆ. ಗ್ರೀಸ್ ಬೇಡ, ಸದ್ದಿಲ್ಲ. ಆದರೆ ಪೆಡಲ್ ಒತ್ತಿಕೊಂಡಷ್ಟು ಹೊತ್ತೂ ಸವೆಯುತ್ತಿರುತ್ತದೆ. ಆ ಕಾಲದ ಇಂಗ್ಲೆಂಡ್‌ನ ಹಳ್ಳಿ ರಸ್ತೆಗೆ ಸರಿ. ಸಂಜೆ ಏಳು ಗಂಟೆಗೆ ನಳ ಸ್ಟಾಪ್ ಸಿಗ್ನಲ್‌ನಲ್ಲಿ ಫಸ್ಟ್ ಗೇರ್ ಹಾಕಿ ಪೆಡಲ್ ತುಳಿದು ನಿಲ್ಲುವ ನನ್ನಂಥವರಿಗೆ ಅಲ್ಲ.

ನನ್ನ ಕಾರಿನಲ್ಲಿ ರಿವರ್ಸ್ ಹಾಕಿದರೆ ಕರ್ರ್ ಅನ್ನುತ್ತಿತ್ತು. ಫಸ್ಟ್ ಗೇರ್ ಕೂಡ ಹಟ ಮಾಡುತ್ತಿತ್ತು. ಕಾರ್ಬನ್ ಮುಗಿದಿದೆ ಅಂತ ನಾನೇ ತೀರ್ಮಾನ ಮಾಡಿ, ಇಂಗ್ಲೆಂಡ್‌ನಿಂದ ರೋಲರ್ ಬೇರಿಂಗ್ ತರಿಸಿದೆ. ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ 7,000 ರೂಪಾಯಿ.

ನಮ್ಮ ಮಿಸ್ತ್ರಿ ಕಾಕಾ ಗಡಹಿಂಗ್ಲಜ್ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತದೆ. ಬೇರಿಂಗ್ ಕೈಯಲ್ಲಿ ತಿರುಗಿಸಿ ನೋಡಿ, "ಸಾಹೇಬ್ರ, ಎಂಜಿನ್ ಇಳಸೂದು ಆಮ್ಯಾಲ. ಮೊದಲ ಪೆಡಲ್ ಪಿನ್ ನೋಡೂಣ್ರಿ" ಅಂದರು. ನಾನು ಕೇಳಲಿಲ್ಲ. ವಾರದ ರಜೆ ಹಾಕಿದ್ದೆ, ಸಾಮಾನು ಬಂದಿತ್ತು, ತಡೆಯುವುದು ಹೇಗೆ?

ಈ ಕಾರಿನಲ್ಲಿ ಬೆಲ್ ಹೌಸಿಂಗ್, ಅಂದರೆ ಕ್ಲಚ್ ಮುಚ್ಚುವ ಗಂಟೆ ಆಕಾರದ ಕವಚ, ಗೇರ್‌ಬಾಕ್ಸ್ ಜೊತೆ ಒಂದೇ ಎರಕ. ಗೇರ್‌ಬಾಕ್ಸ್ ಮಾತ್ರ ಕೆಳಗಿಳಿಸಿ ಕ್ಲಚ್ ಬಿಚ್ಚುವ ಹಾಗಿಲ್ಲ. ಎಂಜಿನ್ ಮೇಲೆ ಎತ್ತಲೇಬೇಕು. ಬಾನೆಟ್, ರೇಡಿಯೇಟರ್, ಎರಡು ಎಸ್‌ಯು ಕಾರ್ಬುರೇಟರ್, ಎಲ್ಲ ಬಿಚ್ಚಿ ಚೈನ್ ಪುಲ್ಲಿಯಲ್ಲಿ ಎಂಜಿನ್ ಎತ್ತಲು ಒಂದೂವರೆ ದಿನ ಹಿಡಿಯಿತು. ಅಷ್ಟು ಬಿಚ್ಚಿದ ಮೇಲೆ ಕ್ಲಚ್ ಪ್ಲೇಟ್, ಫೋರ್ಕಿನ ಬುಶ್, ಫ್ಲೈವೀಲ್ ಹಿಂದಿನ ಆಯಿಲ್ ಸೀಲ್ ಬಿಡಬೇಡಿ. ಆ ಸೀಲ್ ಅಗ್ಗ, ಅದಕ್ಕೋಸ್ಕರ ಮತ್ತೆ ಎಂಜಿನ್ ಎತ್ತುವುದು ಅಗ್ಗ ಅಲ್ಲ. ಬೇರಿಂಗ್ ಬದಲಿಸುವ ಕೆಲಸ ಮಾತ್ರ ಹತ್ತು ನಿಮಿಷ: ಎರಡು ಕ್ಲಿಪ್ ತೆಗಿ, ಹಳೇದು ಇಳಿಸು, ಹೊಸದು ಕೂರಿಸು, ಕ್ಲಿಪ್ ಹಾಕು.

ಎಲ್ಲ ಜೋಡಿಸಿದೆವು. ರಿವರ್ಸ್ ಹಾಕಿದೆ. ಕರ್ರ್.

ಕಾಕಾ ಏನೂ ಮಾತಾಡಲಿಲ್ಲ. ಬಗ್ಗಿ ಪೆಡಲ್ ಹತ್ತಿರ ಕೈ ಹಾಕಿ, ಮಾಸ್ಟರ್ ಸಿಲಿಂಡರ್ ರಾಡ್ ಹಿಡಿಯುವ ಪಿನ್ ತೆಗೆದು ನನ್ನ ಅಂಗೈಲಿಟ್ಟರು. ನಡುವೆ ಅರ್ಧ ಸವೆದು ಇಲಿ ಕಡಿದ ಪೆನ್ಸಿಲ್ ಥರ ಆಗಿತ್ತು. ಪೆಡಲ್‌ನ ತೂತು ಮೊಟ್ಟೆ ಆಕಾರಕ್ಕೆ ಬಂದಿತ್ತು. ನಾನು ಪೆಡಲ್ ತುಳಿದದ್ದರಲ್ಲಿ ಒಂದು ಪಾಲು ಈ ಸಡಿಲದಲ್ಲೇ ಹೋಗುತ್ತಿತ್ತು. ಭೋಸರಿಯ ಲೇತ್ ಅಂಗಡಿಯಲ್ಲಿ ಹೊಸ ಪಿನ್ ಮಾಡಿಸಿ, ತೂತಿಗೆ ವೆಲ್ಡಿಂಗ್ ತುಂಬಿಸಿ ಮತ್ತೆ ಕೊರೆಸಿದೆವು. 350 ರೂಪಾಯಿ. ಗೇರ್ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಿತ್ತು.

ಆಮೇಲೆ ಹಳೇ ಕಾರ್ಬನ್ ನೋಡಿದೆ. ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು! ಹೈಡ್ರಾಲಿಕ್ ಕ್ಲಚ್‌ನಲ್ಲಿ ಕಾರ್ಬನ್ ಸವೆದಷ್ಟೂ ಸ್ಲೇವ್ ಸಿಲಿಂಡರ್ ಪಿಸ್ಟನ್ ತಾನೇ ಮುಂದೆ ಬಂದು ಸರಿದೂಗಿಸುತ್ತದೆ. ಹಾಗಾಗಿ ಗೇರ್ ಕರ್ರ್ ಅಂದರೆ ಮೊದಲು ಪಿನ್, ಆಮೇಲೆ ಎಣ್ಣೆ ಸೋರಿಕೆ, ಪೈಪಿನಲ್ಲಿ ಗಾಳಿ ನೋಡಬೇಕು. ಗಾಳಿ ತೆಗೆಯಲು ಕಾಕಾ ಒಂದು ಉಪಾಯ ಮಾಡಿದರು. ಮುಂದಿನ ಬ್ರೇಕ್ ಕ್ಯಾಲಿಪರ್‌ನ ನಿಪ್ಪಲ್‌ನಿಂದ (ಗಾಳಿ ಬಿಡುವ ಸಣ್ಣ ಮೂತಿ) ಸ್ಲೇವ್ ಸಿಲಿಂಡರ್ ನಿಪ್ಪಲ್‌ಗೆ ಟ್ಯೂಬ್ ಹಾಕಿ ಬ್ರೇಕ್ ಪೆಡಲ್ ಮೆಲ್ಲಗೆ ಒತ್ತುತ್ತಾ ಹೋದರು. ಎಣ್ಣೆ ಕೆಳಗಿನಿಂದ ಏರಿತು, ಗುಳ್ಳೆಗಳು ಮೇಲಿನ ಡಬ್ಬಿಯಿಂದ ಹೊರಬಂದವು. ನಡುವೆ ಬ್ರೇಕ್ ಡಬ್ಬಿ ಖಾಲಿಯಾಗದ ಹಾಗೆ ನೋಡಿಕೊಳ್ಳಿ.

ಈಗ ಬೇರಿಂಗ್ ವಿಷಯ. ಮೊದಲ ಬೇರಿಂಗ್ 3,500 ಕಿಲೋಮೀಟರ್‌ಗೆ ಜೀರುಂಡೆ ಥರ ಕಿರ್ರೋ ಅನ್ನತೊಡಗಿತು. ಪೆಡಲ್ ಒತ್ತಿದರೆ ಸದ್ದು, ಪೂರ್ತಿ ಬಿಟ್ಟರೆ ಕಡಿಮೆ. ಈ ಕ್ಲಚ್‌ನಲ್ಲಿ ಬೇರಿಂಗನ್ನು ಹಿಂದೆ ಎಳೆಯುವ ಸ್ಪ್ರಿಂಗ್ ಇಲ್ಲ. ಕಾಲು ತೆಗೆದರೂ ಅದು ಕವರ್‌ಗೆ ಹಗುರಾಗಿ ತಾಗಿಕೊಂಡೇ ಇರುತ್ತದೆ. ಕಾರ್ಬನ್‌ಗೆ ಅದರಿಂದ ತೊಂದರೆ ಇಲ್ಲ. ರೋಲರ್ ಮಾತ್ರ ಎಂಜಿನ್ ಓಡಿದಷ್ಟೂ ಓಡಬೇಕು, ಒಳಗಿನ ಗ್ರೀಸ್ ಮುಗಿದರೆ ಕಥೆ ಮುಗಿಯಿತು. ಎರಡನೇ ಸಲ ಎಂಜಿನ್ ಎತ್ತಿದಾಗ ಬೆಲ್ ಹೌಸಿಂಗ್ ಒಳಗೆಲ್ಲ ಕಂದು ಗ್ರೀಸ್ ಸಿಡಿದಿತ್ತು. ಮಾರಿದವನು ವಾಪಸ್ ತಗೊಳ್ಳಲಿಲ್ಲ. ಬೇರೆ ಕಡೆಯಿಂದ ಹೆಚ್ಚು ಬೆಲೆಯ, ಸೀಲ್ ಚೆನ್ನಾಗಿರುವ ಬೇರಿಂಗ್ ತರಿಸಿದೆ. ಅದು ಈಗ 5,500 ಕಿಲೋಮೀಟರ್ ಆಗಿದೆ, ಸದ್ದಿಲ್ಲ.

ಪೆಡಲ್ ಹಗುರ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ಆಗಿಲ್ಲ. ಆ ಭಾರ ಕ್ಲಚ್ ಸ್ಪ್ರಿಂಗ್‌ದು, ಬೇರಿಂಗ್‌ದಲ್ಲ. ಬೆಳಗಾವಿಗೆ ಹೋಗುವಾಗ ಖಂಬಾಟ್ಕಿ ಘಾಟ್ ದಾಟಿದ ಮೇಲೆ ಕ್ಲಚ್ ಮುಟ್ಟುವುದೇ ಅಪರೂಪ, ಅಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ವ್ಯತ್ಯಾಸ ಇರುವುದು ಊರೊಳಗೆ, ಕರ್ವೆ ರೋಡ್‌ನಲ್ಲಿ ಇಂಚಿಂಚು ಸಾಗುವಾಗ. ಪೆಡಲ್ ತುಳಿದು ನಿಂತರೂ ಕಾರ್ಬನ್ ಸವೆಯಿತಲ್ಲಾ ಅನ್ನುವ ಚಿಂತೆ ಇಲ್ಲ.

ಸಿಗ್ನಲ್‌ನಲ್ಲಿ ನ್ಯೂಟ್ರಲ್ ಮಾಡುವ ಅಭ್ಯಾಸ ಇದ್ದರೆ ಕಾರ್ಬನ್ನೇ ಇರಲಿ. ಇದಕ್ಕೋಸ್ಕರ ಎಂಜಿನ್ ಎತ್ತಲೇಬೇಡಿ. ಬೇರೆ ಕೆಲಸಕ್ಕೆ ಎತ್ತಿದಾಗ ಬೇಕಾದರೆ ಯೋಚನೆ ಮಾಡಿ. ಎರಡು ಸಲದ ಕೂಲಿ, ಸಾಮಾನು ಸೇರಿ ನನಗೆ 52,000 ರೂಪಾಯಿ ಆಯಿತು. ಮನೆಯಲ್ಲಿ ಹೇಳಿದ್ದು ಒಂದು ಸಲದ್ದು ಮಾತ್ರ.

ಹಳೇ ಕಾರ್ಬನ್ ಬೇರಿಂಗ್ ಎಸೆದಿಲ್ಲ. ಡಿಕ್ಕಿಯಲ್ಲಿ ಜ್ಯಾಕ್ ಪಕ್ಕ, ಮಗನ ಹಳೇ ಸಾಕ್ಸ್‌ನಲ್ಲಿ ಸುತ್ತಿಟ್ಟಿದ್ದೇನೆ. ಅದರ ಜೊತೆ ಆ ಪಿನ್ನೂ ಇದೆ.