ಮೂರು ಮಳೆಗಾಲ ದಾಟಿದ ಸ್ಕೂಟರ್: ಬ್ಯಾಟರಿ ಗಟ್ಟಿ, ಬದಲಿ ಚಾರ್ಜರ್‌ಗೆ ಹೇಳುವವರಿಲ್ಲ

ಕಳಚಿ ಒಳಗೊಯ್ಯಬಹುದಾದ ಲಿಥಿಯಂ-ಅಯಾನ್ ಬ್ಯಾಟರಿಯ ಈ ಸ್ಕೂಟರನ್ನು ನಾನು 2023ರ ಜೂನ್‌ನಲ್ಲಿ ಕೊಂಡೆ. ಬದಿಯಡ್ಕದಿಂದ ಕಾಸರಗೋಡಿಗೆ ಹೋಗಿ ಬರುತ್ತ ಇದುವರೆಗೆ 27,000 ಕಿ.ಮೀ. ಓಡಿಸಿದ್ದೇನೆ. ಒಮ್ಮೆ ಚಾರ್ಜ್ ಮಾಡಿದರೆ ಮೊದಲು 75 ಕಿ.ಮೀ. ಓಡುತ್ತಿದ್ದುದು ಈಗ 62ಕ್ಕೆ ಇಳಿದಿದೆ. ಮೂರು ಮಳೆಗಾಲದಲ್ಲಿ ಬ್ಯಾಟರಿಯೊಳಗೆ ಹನಿ ನೀರೂ ಹೋಗಿಲ್ಲ. ಓಟದ ಬಗ್ಗೆಯೂ ಖರ್ಚಿನ ಬಗ್ಗೆಯೂ ದೂರಿಲ್ಲ.

2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರ್‌ಗಳು ಹೊತ್ತಿ ಉರಿದ ಬಳಿಕ ಕೇಂದ್ರ ಸರಕಾರ ವಿದ್ಯುತ್ ವಾಹನಗಳ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿ, ಬ್ಯಾಟರಿಯೊಳಗಿನ ಒಂದು ಸೆಲ್‌ನ ಬೆಂಕಿ ಪಕ್ಕದ ಸೆಲ್‌ಗಳಿಗೆ ಹಬ್ಬುವುದನ್ನು ಕುರಿತ ಪರೀಕ್ಷೆಯನ್ನೂ ಸೇರಿಸಿತು. ಅದರ ಎರಡನೆಯ ಹಂತ 2023ರ ಮಾರ್ಚ್ 31ರಂದು ಜಾರಿಯಾಗುವುದಿತ್ತು. ಅನಂತರ ತಯಾರಾದ ಬ್ಯಾಟರಿಯೇ ಬೇಕೆಂದು ನಾನು ಕಾದು ಕೊಂಡೆ.

ಆದರೆ 2024ರ ಜುಲೈಯಲ್ಲಿ ಚಾರ್ಜರ್ ಕೆಟ್ಟಾಗ ಈ ಕಾವಲೆಲ್ಲ ಎಲ್ಲಿಗೆ ಮುಗಿಯುತ್ತದೆಂದು ತಿಳಿಯಿತು. ಕಂಪೆನಿಯ ಚಾರ್ಜರ್ ಬರಲು ತಿಂಗಳು ಬೇಕೆಂದ ಅಂಗಡಿಯವರು ಬೇರೊಂದನ್ನು ಕೈಗಿತ್ತು, "ಇದೂ 48 ವೋಲ್ಟಿನದ್ದೇ ಮಾಷ್ಟ್ರೇ, ಪಿನ್ನೂ ಅದೇ, ಏನೂ ಆಗ್ಲಿಕ್ಕಿಲ್ಲ" ಎಂದರು. ಅದರ ಹಿಂಬದಿಯಲ್ಲಿ 58.4 ವೋಲ್ಟ್ ಎಂದಿತ್ತು. ಅದು ಎಲ್‌ಎಫ್‌ಪಿ ಎಂಬ ಬಗೆಯ 16 ಲಿಥಿಯಂ ಸೆಲ್‌ಗಳ ಸಾಲಿಗೆ ಸರಿಯಾದ ಅಳತೆ. ನನ್ನ ಬ್ಯಾಟರಿಯದು ಎನ್‌ಎಂಸಿ ಎಂಬ ಇನ್ನೊಂದು ಬಗೆಯ 13 ಸೆಲ್‌ಗಳ ಸಾಲು, 54.6 ವೋಲ್ಟ್‌ಗೆ ತುಂಬುತ್ತದೆ. ಪೇಟೆಯಲ್ಲಿ ಎರಡಕ್ಕೂ 48 ವೋಲ್ಟ್ ಎಂದೇ ಹೆಸರು! 4.2 ವೋಲ್ಟ್ ದಾಟಬಾರದ ಸೆಲ್‌ಗೆ ಆ ಚಾರ್ಜರ್ 4.5ರವರೆಗೆ ಒತ್ತುತ್ತಿತ್ತು, ತಡೆಯಲು ಬ್ಯಾಟರಿಯೊಳಗೆ ಕಾವಲಿರುವ ಬಿಎಂಎಸ್ ಎಂಬ ಸರ್ಕ್ಯೂಟ್ ಒಂದೇ, ಅದೂ ಕೈಕೊಟ್ಟರೆ ಬೆಂಕಿ. ನಾನು ಅದನ್ನು ಮರಳಿಸಿ ಐದು ವಾರ ಬಸ್ಸಿನಲ್ಲಿ ಓಡಾಡಿದೆ. ಹಿಂಬದಿಯ ಅಂಕಿ ಓದದೆ ಒಯ್ದವರು ಎಷ್ಟು ಮಂದಿಯೋ ಎಂಬ ಆತಂಕ ಇಂದಿಗೂ ಹೋಗಿಲ್ಲ.

ಹೊಂದದ ಚಾರ್ಜರ್‌ನ ಪಿನ್ ಬ್ಯಾಟರಿಗೆ ಸೇರಲೇಬಾರದು, ಬಿಡಿ ಚಾರ್ಜರ್ ಮಾರುವವರೂ ಪರೀಕ್ಷೆಯ ಹೊಣೆ ಹೊರಬೇಕು ಎಂಬ ನಿಯಮ ಬೇಕು. ಹಳೆಯ ಬ್ಯಾಟರಿಗಳ ಸೆಲ್ ಕಿತ್ತು ಹೊಸ ಪ್ಯಾಕ್ ಕಟ್ಟಿ ಮಾರುವುದನ್ನು ನ್ಯೂಯಾರ್ಕ್ ನಗರ 2023ರಲ್ಲೇ ನಿಷೇಧಿಸಿದೆ. ನಮ್ಮಲ್ಲೂ ರಿಪೇರಿಯ ಮೇಜಿನವರೆಗೆ ಕಾನೂನು ಬರಬೇಕು. 250 ವ್ಯಾಟ್, 25 ಕಿ.ಮೀ. ವೇಗದ ಮಿತಿಯೊಳಗಿನ ಗಾಡಿಗಳಿಗಂತೂ ನೋಂದಣಿಯೂ ಬೇಕಿಲ್ಲ. ಮಕ್ಕಳ ಕೈಗೆ ಹೆಚ್ಚಾಗಿ ಸಿಗುವುದು ಅವೇ.

ಇನ್ನೊಂದು ಕೊರತೆ: ಎಚ್ಚರಿಕೆಯ ಪುಸ್ತಕ ಇಂಗ್ಲಿಷ್, ಹಿಂದಿಯಲ್ಲಷ್ಟೇ ಇದೆ. ಹಗಲು ಚಾರ್ಜ್ ಆಗುವಾಗ ಮನೆಯಲ್ಲಿರುವವರು ಕನ್ನಡ ಮಾತ್ರ ಬಲ್ಲ ನನ್ನ ಅಮ್ಮ. ಅಡಿಕೆ ತುಂಬಿದ ಅಟ್ಟದ ಕೆಳಗಿದ್ದ ಪ್ಲಗ್ಗನ್ನು ನಾನು ಜಗಲಿಗೆ ಹಾಕಿಸಿ, "ಹೊಗೆ ಕಂಡರೆ ಮುಟ್ಟಬೇಡಿ, ಅಂಗಳಕ್ಕೆ ಬನ್ನಿ, 101ಕ್ಕೆ ಕರೆ ಮಾಡಿ" ಎಂದು ಕನ್ನಡದಲ್ಲಿ ಬರೆದು ಅಂಟಿಸಿದ್ದೇನೆ.

ಸ್ಕೂಟರ್‌ಗೆ ಐದರಲ್ಲಿ ನಾಲ್ಕು ಅಂಕ, ಮಾರಾಟದ ಅನಂತರದ ಸೇವೆಗೆ ಒಂದು.