ಎಲ್ಲರೂ ಮುಟ್ಟುವ ಕಂಪ್ಯೂಟರಿಗೆ ಯಾವ ಬೀಗ?

ಜೆರಾಕ್ಸ್, ಡಿಟಿಪಿ ಅಂಗಡಿಯ ಕಂಪ್ಯೂಟರ್ ಎಂದರೆ ಊರಿನವರದ್ದೆಲ್ಲ. ನಮ್ಮದರಲ್ಲೂ ಅಷ್ಟೇ: ಯಾರೋ ಹಾಕಿಹೋದ ಬ್ರೌಸರ್, ಡ್ರೈವರ್ ಅಪ್‌ಡೇಟರ್, ಗೇಮ್. ವಿಂಡೋಸ್ 11ರಲ್ಲಿ ಇದನ್ನು ತಡೆಯುವ ನಾಲ್ಕು ದಾರಿಗಳನ್ನು ಮಾಡಿ ನೋಡಿದೆ.

ಎಲ್ಲರೂ ಮೊದಲು ಹೇಳುವುದು ಸ್ಟ್ಯಾಂಡರ್ಡ್ ಅಕೌಂಟ್. ಕನ್ನಡ ಟೈಪಿಂಗಿನ ನುಡಿ ಸಾಫ್ಟ್‌ವೇರ್, ಪ್ರಿಂಟರ್ ಡ್ರೈವರ್ ಎಲ್ಲ ಅಡ್ಮಿನ್ ಅಕೌಂಟಿನಿಂದ ಹಾಕಿ, ಉಳಿದವರಿಗೆ ಬೇರೆ ಅಕೌಂಟ್ ಕೊಡುವುದು. ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಮುಟ್ಟುವ ಸಾಫ್ಟ್‌ವೇರ್ ಎಲ್ಲ ಪಾಸ್‌ವರ್ಡ್ ಕೇಳಿ ನಿಲ್ಲುತ್ತದೆ. ಆದರೆ ಕ್ರೋಮ್ ನೋಡಿ: ಪಾಸ್‌ವರ್ಡ್ ಕೇಳಿದಾಗ ‘ನೋ’ ಒತ್ತಿದರೆ, ಅಡ್ಮಿನ್ ಹಕ್ಕಿಲ್ಲದೆಯೇ ಹಾಕಲೇ ಎಂದು ಕೇಳಿ, ಆ ಬಳಕೆದಾರನ ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಕೂತುಬಿಡುತ್ತದೆ. ಪೆನ್‌ಡ್ರೈವಿನಿಂದಲೇ ಓಡುವ ಪೋರ್ಟಬಲ್ ಆ್ಯಪ್‌ಗಳಿಗಂತೂ ಇನ್‌ಸ್ಟಾಲ್ ಎಂಬ ಮಾತೇ ಇಲ್ಲ.

‘ಮೈಕ್ರೋಸಾಫ್ಟ್ ಸ್ಟೋರ್ ಮಾತ್ರ’ ಎಂಬ ಸೆಟ್ಟಿಂಗ್ ನನಗೆ ಉಪಯೋಗಕ್ಕೆ ಬರಲಿಲ್ಲ. ಹುಡುಗರಿಗೆ ಬೇಕಾದ ಗೇಮ್‌ಗಳು ಸ್ಟೋರಿನಲ್ಲೇ ರಾಶಿ ಬಿದ್ದಿವೆ.

ಡೀಪ್ ಫ್ರೀಜ್ ಥರದ ಸಾಫ್ಟ್‌ವೇರ್‌ಗಳ ದಾರಿಯೇ ಬೇರೆ. ಯಾರು ಏನು ಬೇಕಾದರೂ ಹಾಕಿಕೊಳ್ಳಲಿ, ರೀಸ್ಟಾರ್ಟ್ ಆದಾಗ ಎಲ್ಲ ಮಾಯ. ಕಾಲೇಜು ಲ್ಯಾಬಿಗೆ ಇದು ಚೆನ್ನ. ನಮ್ಮಲ್ಲಿ ಗಿರಾಕಿಯ ಅರ್ಧ ಮುಗಿದ ಲಗ್ನಪತ್ರಿಕೆಯನ್ನು ಡೆಸ್ಕ್‌ಟಾಪಿನಲ್ಲಿ ಸೇವ್ ಮಾಡಿದರೆ ಅದೂ ಹೋಯಿತು. ಫ್ರೀಜ್ ಆಗದ ಬೇರೆ ಡ್ರೈವ್ ಇಟ್ಟು, ಅಲ್ಲೇ ಸೇವ್ ಮಾಡಿಸಬೇಕು. ವಿಂಡೋಸ್ ಅಪ್‌ಡೇಟಿಗೂ ಫ್ರೀಜ್ ತೆಗೆಯಬೇಕು. ಮೇಲೆ ದುಡ್ಡು ಬೇರೆ.

ಕೊನೆಗೆ ನಿಂತಿದ್ದು ವಿಂಡೋಸಿನ ಒಳಗೇ ಇರುವ ಆ್ಯಪ್‌ಲಾಕರ್. ಇದು ಇನ್‌ಸ್ಟಾಲ್ ಆಗುವುದನ್ನಲ್ಲ, ಓಡುವುದನ್ನೇ ತಡೆಯುತ್ತದೆ. ಮೊದಲು ಎಂಟರ್‌ಪ್ರೈಸ್, ಎಜುಕೇಷನ್ ಥರದ ಆವೃತ್ತಿಯವರಿಗೆ ಸೀಮಿತವಾಗಿತ್ತು, ಈಗ ಪ್ರೊನಲ್ಲೂ ನಡೆಯುತ್ತದೆ. ಲೋಕಲ್ ಸೆಕ್ಯುರಿಟಿ ಪಾಲಿಸಿ ಎಂಬ ಕಿಟಕಿ ತೆರೆದು, ಆ್ಯಪ್‌ಲಾಕರಿನ ಕೆಳಗಿನ ಎಕ್ಸಿಕ್ಯೂಟಬಲ್ ರೂಲ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಡೀಫಾಲ್ಟ್ ರೂಲ್ಸ್ ಮಾಡಿದರೆ ಮೂರು ನಿಯಮ ಬರುತ್ತವೆ: ಪ್ರೋಗ್ರಾಂ ಫೈಲ್ಸ್ ಮತ್ತು ವಿಂಡೋಸ್ ಫೋಲ್ಡರಿನಲ್ಲಿರುವುದು ಯಾರಿಗಾದರೂ ಓಡುತ್ತದೆ, ಅಡ್ಮಿನ್‌ಗೆ ಎಲ್ಲವೂ ಓಡುತ್ತದೆ. ಆ್ಯಪ್‌ಡೇಟಾ, ಡೌನ್‌ಲೋಡ್ಸ್, ಪೆನ್‌ಡ್ರೈವ್ ಎಲ್ಲ ತಾನಾಗಿ ಹೊರಗೆ. ಪ್ಯಾಕೇಜ್ಡ್ ಆ್ಯಪ್‌ಗಳಿಗೂ (ಸ್ಟೋರಿನಿಂದ ಬರುವಂಥವು) ಡೀಫಾಲ್ಟ್ ರೂಲ್ ಹಾಕಲೇಬೇಕು, ಇಲ್ಲವಾದರೆ ಸ್ಟೋರ್ ಆ್ಯಪ್‌ಗಳೂ ಬಂದ್. ಹಿನ್ನೆಲೆಯಲ್ಲಿ ಅಪ್ಲಿಕೇಷನ್ ಐಡೆಂಟಿಟಿ ಎಂಬ ವಿಂಡೋಸ್ ಸರ್ವಿಸ್ ಓಡುತ್ತಿರಬೇಕು; ಅದಿಲ್ಲದಿದ್ದರೆ ನಿಯಮಗಳೆಲ್ಲ ಕಾಗದದ ಮೇಲೆ. ಶುರುವಿನಲ್ಲಿ ಏನನ್ನೂ ತಡೆಯದೆ ಬರೀ ದಾಖಲಿಸುವ ‘ಆಡಿಟ್ ಓನ್ಲಿ’ಯಲ್ಲಿಟ್ಟು, ಈವೆಂಟ್ ವ್ಯೂವರಿನಲ್ಲಿ 8003 ಸಂಖ್ಯೆಯ ಸಾಲುಗಳನ್ನು ನೋಡಿ. ಮುಂದೆ ಯಾವುದು ನಿಲ್ಲುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಇದೂ ಪೂರ್ತಿ ಭದ್ರ ಅಲ್ಲ. ವಿಂಡೋಸ್ ಫೋಲ್ಡರಿನ ಒಳಗೇ ಸಾಮಾನ್ಯ ಬಳಕೆದಾರ ಬರೆಯಬಹುದಾದ ಜಾಗಗಳಿವೆ, ಟಾಸ್ಕ್ಸ್ ಫೋಲ್ಡರ್ ಥರದ್ದು. ಅಷ್ಟು ತಿಳಿದ ಗಿರಾಕಿ ಬಂದರೆ ಕೆಲಸಕ್ಕೇ ಇಟ್ಟುಕೊಳ್ಳೋಣ.

ಆ್ಯಪ್‌ಲಾಕರ್ ಹಾಕಿದ ಮೇಲೂ ಸ್ಟ್ಯಾಂಡರ್ಡ್ ಅಕೌಂಟ್ ಇರಲೇಬೇಕು, ಅಡ್ಮಿನ್ ಆಗಿ ಕೂತವರು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿದರೆ ಈ ನಿಯಮಗಳು ತಡೆಯುವುದಿಲ್ಲ. ಹೋಮ್ ಆವೃತ್ತಿಯಲ್ಲಿ ಲೋಕಲ್ ಸೆಕ್ಯುರಿಟಿ ಪಾಲಿಸಿಯ ಕಿಟಕಿಯೇ ಇಲ್ಲ. ಅಂಥ ಕಡೆ ಸ್ಟ್ಯಾಂಡರ್ಡ್ ಅಕೌಂಟ್ ಕೊಟ್ಟು, ಆಗಾಗ ಆ್ಯಪ್‌ಡೇಟಾ ಗುಡಿಸುವುದೇ ಸರಿ.